ಸರ್ ಎಂ.ವಿ. ನಡೆದ ಸೀಮೆಯಲ್ಲಿ ನಡೆಯೋಕೆ ಜಾಗ ಎಲ್ಲಿ?

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಈ ನಾಲ್ಕು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ರಾಷ್ಟ್ರೀಯ ಹೆದ್ದಾರಿ 69. ಹಳೆಯ ಲೆಕ್ಕದಲ್ಲಿ 234. ಹೊನ್ನಾವರದ ಕಡಲಿಂದ ಹೊರಟು ಆಂಧ್ರದ ಚಿತ್ತೂರು ಸೇರುವ ಈ ದಾರಿ ನಮ್ಮ ಕಡೆ ಬಂದಾಗ ಬಹುಕಾಲದಿಂದ ಪೇಟೆಬೀದಿಯನ್ನೇ ಹಿಡಿದು ಸಾಗಿದೆ. ಚಿಕ್ಕಬಳ್ಳಾಪುರದಲ್ಲಿ ಅದರ ಹೆಸರು ಎಂ.ಜಿ. ರಸ್ತೆ. ಲಾರಿಗೆ ಇದು ಹೆದ್ದಾರಿ. ಹೂವಿನ ಮೂಟೆ ಹೊತ್ತವರಿಗೆ, ರೇಷ್ಮೆಗೂಡು ತಂದವರಿಗೆ, ಟೊಮೆಟೊ ಮಂಡಿಯಲ್ಲಿ ಕೂಲಿ ಮಾಡೋರಿಗೆ, ಹೈಸ್ಕೂಲು ಬಿಟ್ಟು ಬಸ್ ಸ್ಟ್ಯಾಂಡ್‌ಗೆ ಓಡೋ ಮಕ್ಕಳಿಗೆ ಇದು ಊರಿನ ಬೀದಿ. ಇಬ್ಬರ ನಡುವೆ ಸೋಲೋರು ಯಾರು ಅಂತ ಹೇಳಬೇಕಾಗಿಲ್ಲ.

ನಾನು ಈ ನಾಲ್ಕೂ ಊರಲ್ಲಿ ನಡೆದೇ ಓಡಾಡಿದವನು. ಫುಟ್‌ಪಾತ್ ಅಂದರೆ ನಮ್ಮಲ್ಲಿ ಚರಂಡಿ ಮೇಲಿನ ಚಪ್ಪಡಿ. ಒಂದು ಚಪ್ಪಡಿ ಇರುತ್ತೆ, ಮುಂದಿನದು ಮುರಿದಿರುತ್ತೆ, ಅದರಾಚೆ ಟ್ರಾನ್ಸ್‌ಫಾರ್ಮರ್, ಅದರಾಚೆ ಅಂಗಡಿಯ ಮೆಟ್ಟಿಲು, ಆಮೇಲೆ ಸಾಲಾಗಿ ನಿಲ್ಲಿಸಿದ ಬೈಕು. ಹಾಗಾಗಿ ಎಲ್ಲರೂ ಟಾರಿನ ಮೇಲೇ ನಡೀತಾರೆ, ಹಿಂದಿನಿಂದ ಹಾರನ್ ಬಿದ್ದಾಗ ಪಕ್ಕಕ್ಕೆ ಹಾರ್ತಾರೆ. ಇದಕ್ಕೆ ಪರಿಹಾರ ಅಂತ ಯಾವಾಗಲೂ ಕೇಳಿಬರೋದು ಒಂದೇ ಪದ, ರಸ್ತೆ ವಿಸ್ತರಣೆ. ಆ ಮಾತು ಎದ್ದಾಗೆಲ್ಲ ಜೊತೆಗೆ ಒಂದು ಹೆಸರೂ ಏಳುತ್ತೆ: ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಜಿಲ್ಲೆಯಲ್ಲಿ ಇಂಥಾ ರಸ್ತೆಯೇ ಅಂತ. ಸೆಪ್ಟೆಂಬರ್ 15ಕ್ಕೆ ಹಾರ ಹಾಕಿಸಿಕೊಳ್ಳುವ ಮನುಷ್ಯನ ಹೆಸರನ್ನು ರಸ್ತೆಯ ವಿಷಯಕ್ಕೆ ಎಳೆದು ತಂದಿರೋದು ನಾನಲ್ಲ. ತಂದಿರೋದರಿಂದ ಅವರ ಬದುಕನ್ನು ಆ ಬೀದಿಯಲ್ಲೇ ನಿಂತು ಇನ್ನೊಂದು ಸಲ ನೋಡೋಣ ಅನ್ನಿಸಿತು.

ಮೋಕ್ಷಗುಂಡಂ ವಿಶ್ವೇಶ್ವರಯ್ಯ 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಮೋಕ್ಷಗುಂಡಂ ಅನ್ನೋದು ಇವತ್ತಿನ ಆಂಧ್ರದ ಊರು, ಹಿಂದೆ ಯಾವಾಗಲೋ ಅಲ್ಲಿಂದ ವಲಸೆ ಬಂದ ಮನೆತನ. ಮನೆಮಾತು ತೆಲುಗು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅನ್ನೋದು ನಮ್ಮ ಸೀಮೆಗೆ ಇವತ್ತಿಗೂ ಹೊಸದಲ್ಲ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಓದಿನ ಮನೆ, ಆದರೆ ದುಡ್ಡಿನ ಮನೆಯಲ್ಲ. ಮೊದಲ ಪಾಠ ಚಿಕ್ಕಬಳ್ಳಾಪುರದಲ್ಲಿ. ಹುಡುಗ ಇನ್ನೂ ಬೆಳೆಯುತ್ತಿದ್ದಾಗಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಹೋಗಿ, ಮಿಷನ್ ಹೈಸ್ಕೂಲು ಮುಗಿಸಿ ಸೆಂಟ್ರಲ್ ಕಾಲೇಜು ಸೇರಿದರು. ಖರ್ಚಿಗೆ ಕೊಡಗಿನ ಕಡೆಯ ಒಬ್ಬ ಅಧಿಕಾರಿಯ ಮಕ್ಕಳಿಗೆ ಮನೆಪಾಠ. ಮಲಗೋಕೆ ಆ ಮನೆ, ಊಟಕ್ಕೆ ಮಾವನ ಮನೆ, ಎರಡರ ನಡುವೆ ದಿನಾ ನಡಿಗೆ. ರಜೆ ಬಂದರೆ ತಾಯಿಯನ್ನು ನೋಡೋಕೆ ಮುದ್ದೇನಹಳ್ಳಿಯ ತನಕ, ಅಂದರೆ ಹತ್ತಿರ ಹತ್ತಿರ 60 ಕಿಲೋಮೀಟರು, ನಡೆದೇ ಬರುತ್ತಿದ್ದರಂತೆ.

ಇಂಥ ಕತೆ ನಮ್ಮ ಕಡೆ ಅವರೊಬ್ಬರದ್ದೇ ಅಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಓದೋಕೆ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಮ್ಮ ಸೀಮೆಯ ಓದಿನ ಚರಿತ್ರೆ ಅಂದರೆ ಒಂದು ಮಟ್ಟಿಗೆ ಕಾಲ್ನಡಿಗೆಯ ಚರಿತ್ರೆ. ಅಂಥ ಸೀಮೆಯಲ್ಲಿ ಸರ್ಕಾರ 2006-07ರಿಂದ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಒಳ್ಳೆ ಯೋಜನೆ, ಕೋವಿಡ್ ಹೊತ್ತಿಗೆ ನಿಂತುಹೋಯಿತು. ಸೈಕಲ್ ಕೊಟ್ಟವರು ಅದನ್ನು ಓಡಿಸೋಕೆ ಜಾಗ ಕೊಡಲಿಲ್ಲ ಅನ್ನೋ ಮಾತು ಮಾತ್ರ ಯಾರ ಭಾಷಣದಲ್ಲೂ ನಾನು ಕೇಳಲಿಲ್ಲ.

1881ರಲ್ಲಿ ಬಿ.ಎ., ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಯ ಎಂಜಿನಿಯರಿಂಗ್ ಕಾಲೇಜು, 1883ರಲ್ಲಿ ಮೊದಲ ರ್‍ಯಾಂಕು, 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್. ನಾಸಿಕ್, ಖಾನ್‌ದೇಶ್ ಕಡೆ ಕೆಲಸ. 1890ರ ದಶಕದ ನಡುವೆ ಸಿಂಧ್‌ನ ಸುಕ್ಕೂರಿಗೆ ನೀರು ಕೊಡಬೇಕಾಯಿತು. ಸಿಂಧೂ ನದಿ ಪಕ್ಕದಲ್ಲೇ ಇದೆ, ನೀರು ಮಾತ್ರ ಕೆಸರು, ಶೋಧಿಸೋ ಯಂತ್ರಕ್ಕೆ ಪುರಸಭೆಯಲ್ಲಿ ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವ ಹಾಗೆ ಮಾಡಿದರು. ಇರುವ ಜಾಗದಲ್ಲಿ, ಇರುವ ದುಡ್ಡಲ್ಲಿ ಕೆಲಸ ತೆಗೆಯೋದು ಅವರ ಜಾಯಮಾನ.

ಅವರ ಹೆಸರು ಹೇಳಿದರೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತೆ, ಸರಿ. ಆದರೆ ಬೀದಿಯಲ್ಲಿ ನಿಂತು ನೋಡಿದರೆ ಅದಕ್ಕಿಂತ ಹಿಂದಿನ ಎರಡು ಕೆಲಸ ನನಗೆ ಮುಖ್ಯ ಅನ್ನಿಸುತ್ತೆ. ಎರಡೂ ಪುಣೆಯ ಸುತ್ತಮುತ್ತಲಿನವು.

ಮೊದಲನೆಯದು ಬ್ಲಾಕ್ ನೀರಾವರಿ ಪದ್ಧತಿ. 19ನೇ ಶತಮಾನದ ಕೊನೆಯ ಹೊತ್ತಿಗೆ ದಖ್ಖನ್ ನಾಲೆಗಳಲ್ಲಿ ಒಂದು ಹಳೇ ಜಗಳ ಇತ್ತು. ನಾಲೆಯ ಮೇಲ್ಭಾಗದವರು ಕಬ್ಬು ಹಾಕಿ ನೀರೆಲ್ಲ ಹೀರಿಕೊಳ್ಳೋರು. ಕೊನೆ ಭಾಗದ ಹಳ್ಳಿಗಳಿಗೆ ಬರೋದು ಒಣ ನಾಲೆ. ಇನ್ನಷ್ಟು ನೀರು ತರೋಣ, ನಾಲೆ ಅಗಲ ಮಾಡೋಣ ಅನ್ನೋದು ಸುಲಭದ ಉತ್ತರ. ವಿಶ್ವೇಶ್ವರಯ್ಯ ಹಂಚಿಕೆಗೇ ಕೈ ಹಾಕಿದರು. ನೀರಾವರಿ ಜಮೀನನ್ನು ಬೇರೆ ಬೇರೆ ಹಳ್ಳಿಗಳಲ್ಲಿ ಬ್ಲಾಕುಗಳಾಗಿ ಗುರುತಿಸಿ, ಒಂದು ಬ್ಲಾಕಿಗೆ ಇಷ್ಟೇ ನೀರು, ಅದರ ಒಂದು ಭಾಗದಲ್ಲಿ ಮಾತ್ರ ಕಬ್ಬು, ಮಿಕ್ಕಿದ್ದರಲ್ಲಿ ಕಡಿಮೆ ನೀರು ಕುಡಿಯುವ ಬೆಳೆ, ವರ್ಷ ವರ್ಷಕ್ಕೂ ಸರದಿ ಬದಲು. ಮೇಲ್ಭಾಗದವರು ಸುಮ್ಮನಿರಲಿಲ್ಲ, ವಿರೋಧ ಜೋರಾಗಿಯೇ ಬಂತು. ಅವರು ರೈತರ ಸಭೆಗಳಿಗೆ ಹೋಗಿ ಕೂತು ಲೆಕ್ಕ ವಿವರಿಸಿದರು. ನಮ್ಮ ಕೋಲಾರ ಸೀಮೆಯ ಕೆರೆಗಳಲ್ಲಿ ಇದೇ ಕೆಲಸವನ್ನು ನೀರುಗಂಟಿ ಮಾಡ್ತಿದ್ದ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿಕೊಂಡು, ಕೊನೆಯ ಗದ್ದೆಗೂ ನೀರು ಮುಟ್ಟಿಸೋನು. ನೀರುಗಂಟಿಗಳು ಬಹುಪಾಲು ದಲಿತರು ಅನ್ನೋದನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಎಂ.ಜಿ. ರಸ್ತೆಗೆ ಬನ್ನಿ. ರಸ್ತೆಯ ಅಗಲವೂ ನೀರಿನ ಹಾಗೇ, ಇರೋದಿಷ್ಟೇ. ಮೇಲ್ಭಾಗದವರು ಕಾರು, ಲಾರಿ, ನಿಲ್ಲಿಸಿದ ಬೈಕು. ಕೊನೆ ಭಾಗದವರು ನಡೆಯೋರು, ಸೈಕಲ್ಲಿನವರು, ತಳ್ಳುಗಾಡಿಯವರು. ಲೆಕ್ಕಕ್ಕೆ 18 ಮೀಟರ್ ಅಗಲದ ಒಂದು ಪೇಟೆಬೀದಿ ಇಟ್ಟುಕೊಳ್ಳಿ. ಹೋಗೋಕೊಂದು ಬರೋಕೊಂದು ಪಥ, ತಲಾ 3.25 ಮೀಟರ್ ಅಂದರೆ 6.5 ಆಯಿತು. ಎರಡೂ ಬದಿಗೆ ತಲಾ 2.5 ಮೀಟರ್ ಫುಟ್‌ಪಾತ್, ಒಟ್ಟು 5. ಎರಡೂ ಬದಿಗೆ ತಲಾ 2 ಮೀಟರ್ ಸೈಕಲ್ ಪಥ, ಒಟ್ಟು 4. ಇನ್ನೂ 2.5 ಮೀಟರ್ ಉಳೀತು. ಅದರಲ್ಲಿ ಒಂದು ಕಡೆ ಮರ, ಒಂದು ಕಡೆ ಬಸ್ ನಿಲ್ಲೋ ಜಾಗ, ಒಂದು ಕಡೆ ವ್ಯಾಪಾರಿಗಳು, ಒಂದು ಕಡೆ ದುಡ್ಡು ಕೊಟ್ಟು ನಿಲ್ಲಿಸೋ ಪಾರ್ಕಿಂಗ್. ಒಂದು ಅಂಗಡಿಯನ್ನೂ ಒಡೆಯಬೇಕಿಲ್ಲ. ಊರಿಗೆ ಸಂಬಂಧವಿಲ್ಲದ ಲಾರಿ ಊರಾಚೆ ಬೈಪಾಸಿನಲ್ಲಿ ಹೋಗಬೇಕು, ಆ ಷರತ್ತು ಇದ್ದೇ ಇದೆ. ಬೆಂಗಳೂರು-ಹೈದರಾಬಾದ್ ಹೆದ್ದಾರಿ ಚಿಕ್ಕಬಳ್ಳಾಪುರದ ಒಳಗೆ ನುಗ್ಗದೆ ಹೊರಗಿಂದಲೇ ಹೋಗೋದು ನಮ್ಮ ಕಣ್ಣ ಮುಂದೆಯೇ ಇದೆಯಲ್ಲ.

ಎರಡನೇ ಕೆಲಸ ಖಡಕ್‌ವಾಸ್ಲಾದ್ದು. ಪುಣೆಗೆ ನೀರು ಕೊಡುವ ಆ ಜಲಾಶಯದಲ್ಲಿ ಪ್ರತಿ ಮಳೆಗಾಲ ಕೋಡಿ ಬಿದ್ದು ನೀರು ಪೋಲಾಗುತ್ತಿತ್ತು. ಕಟ್ಟೆ ಎತ್ತರಿಸೋಕೆ ಖರ್ಚು ಜಾಸ್ತಿ, ಹಳೇ ಕಟ್ಟೆಗೆ ಅಪಾಯ ಬೇರೆ. 1903ರಲ್ಲಿ ಅವರು ಕೋಡಿಯ ಮೇಲೆ ತಾವೇ ಕಂಡುಹಿಡಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ಬಾಗಿಲು ತಾನಾಗಿ ತೆರೆಯುತ್ತೆ, ಇಳಿದರೆ ತಾನಾಗಿ ಮುಚ್ಚುತ್ತೆ. ಪೇಟೆಂಟೂ ಸಿಕ್ಕಿತು. ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲಿ, ಆಮೇಲೆ ಕೃಷ್ಣರಾಜಸಾಗರದಲ್ಲಿ ಇದೇ ಬಾಗಿಲು ಬಂದವು. ಇದರ ಹಿಂದಿರೋ ಯೋಚನೆ ಇಷ್ಟು: ನಡುರಾತ್ರಿ ಪ್ರವಾಹ ಬಂದಾಗ ಕಾವಲುಗಾರ ಎಚ್ಚರವಾಗಿದ್ದಾನೋ, ನಿದ್ದೆ ಹೋಗಿದ್ದಾನೋ ಅನ್ನೋದರ ಮೇಲೆ ಊರಿನ ಜೀವ ನಿಲ್ಲಬಾರದು. ಮನುಷ್ಯ ಮೈಮರೆಯೋದು ಸಹಜ ಅಂತ ಮೊದಲೇ ಒಪ್ಪಿಕೊಂಡು, ಮರೆತರೂ ಅನಾಹುತ ಆಗದ ಹಾಗೆ ಕಟ್ಟಬೇಕು.

ನಮ್ಮ ರಸ್ತೆ ಸುರಕ್ಷತೆ ನಡೆಯೋದು ತದ್ವಿರುದ್ಧವಾಗಿ. ಜನವರಿಯಲ್ಲಿ ಸುರಕ್ಷತಾ ಸಪ್ತಾಹ, ಮಾಸಾಚರಣೆ, ಶಾಲಾ ಮಕ್ಕಳ ಕೈಗೆ ಬ್ಯಾನರು, ನಿಧಾನವೇ ಪ್ರಧಾನ ಅಂತ ಬೋರ್ಡು. ರಸ್ತೆ ಮಾತ್ರ ನುಣ್ಣಗೆ, ನೇರಕ್ಕೆ, ಅಗಲಕ್ಕೆ ಇರುತ್ತೆ, ಆಕ್ಸಿಲರೇಟರ್ ಒತ್ತು ಅಂತ ಕರೆಯುತ್ತೆ. ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನಡೆಯುತ್ತಿದ್ದವರು 32,825, ಸೈಕಲ್ಲಿನವರು 4,836. ನಡೆಯೋರೇ ದಿನಕ್ಕೆ 90 ಜನ. ಇಷ್ಟೂ ಜನ ಅಡ್ಡಾದಿಡ್ಡಿ ದಾಟಿದ್ದಕ್ಕೇ ಸತ್ತರು ಅಂತ ನಂಬೋದಾದರೆ ಖಡಕ್‌ವಾಸ್ಲಾದ ಕಾವಲುಗಾರನಿಗೂ ಒಂದು ಬೋರ್ಡು ಬರೆಸಿ ಕೊಟ್ಟಿದ್ದರೆ ಸಾಕಾಗಿತ್ತು, ಬಾಗಿಲು ಯಾಕೆ?

ಬೀದಿಗೂ ತಾನಾಗಿ ಕೆಲಸ ಮಾಡುವ ಬಾಗಿಲುಗಳಿವೆ. ಪಥ ಕಿರಿದಾದರೆ ಚಾಲಕ ತಾನಾಗಿ ವೇಗ ಇಳಿಸ್ತಾನೆ. ಜನ ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಗಾಡಿ ಹತ್ತಿ ಇಳಿಯಲೇಬೇಕು, ಅಜ್ಜಿ ಸಮತಟ್ಟಿನಲ್ಲಿ ದಾಟ್ತಾಳೆ. ಸರ್ಕಲ್ಲಿನ ಮೂಲೆ ಬಿಗಿ ಮಾಡಿದರೆ ಬಸ್ಸು ಹಾರಿಸಿಕೊಂಡು ತಿರುಗೋಕೆ ಆಗಲ್ಲ. ನಡುವೆ ನಿಲ್ಲೋಕೆ ಒಂದು ಕಟ್ಟೆ ಇದ್ದರೆ ಒಂದು ಸಲಕ್ಕೆ ಒಂದೇ ದಿಕ್ಕು ನೋಡಿ ದಾಟಬಹುದು. ಜನರೂ ಗಾಡಿಯೂ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿದ್ದೂ ಇದೇ ಲೆಕ್ಕದ ಮೇಲೆ. ಆ ವೇಗದಲ್ಲಿ ಗುದ್ದಿದರೆ ಮನುಷ್ಯ ಬಹುಮಟ್ಟಿಗೆ ಬದುಕ್ತಾನೆ. 30ರ ಬೋರ್ಡು ಹಾಕೋದು ಬೇರೆ, 30ಕ್ಕಿಂತ ಜೋರಾಗಿ ಓಡಿಸೋಕೆ ಆಗದ ಹಾಗೆ ಬೀದಿ ಕಟ್ಟೋದು ಬೇರೆ.

1906ರಲ್ಲಿ ಏಡನ್‌ಗೆ ಹೋಗಿ ನೀರು, ಒಳಚರಂಡಿಯ ಯೋಜನೆ ಮಾಡಿಕೊಟ್ಟರು. 1908ರಲ್ಲಿ ಬಾಂಬೆ ಸರ್ಕಾರದ ಕೆಲಸ ಬಿಟ್ಟು ಯುರೋಪಿನಲ್ಲಿದ್ದಾಗ ಹೈದರಾಬಾದಿನ ನಿಜಾಮರ ಕರೆ ಬಂತು. ಆ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಿದ್ದರು. 1909ರಲ್ಲಿ ಅಲ್ಲಿ ಕೂತು ಮಾಡಿದ ವರದಿಯ ಫಲವೇ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್. ನದಿಗೆ ಕಟ್ಟೆ ಕಟ್ಟಿ ಕೈ ತೊಳೆದುಕೊಳ್ಳದೆ ಊರಿನ ಒಳಚರಂಡಿಗೂ ಯೋಜನೆ ಹಾಕಿದರು. ಎಂಜಿನಿಯರ್ ದಿನಾಚರಣೆಯ ಭಾಷಣಗಳಲ್ಲಿ ಈ ಚರಂಡಿ ಎಂಜಿನಿಯರ್ ಕಾಣಿಸೋದೇ ಇಲ್ಲ. ಅಣೆಕಟ್ಟಿನ ಮುಂದೆ ಫೋಟೋ ತೆಗೆಸಿಕೊಳ್ಳಬಹುದು, ಚರಂಡಿಯ ಮುಂದೆ ಯಾರು ನಿಲ್ತಾರೆ ಬಿಡಿ.

ಆದರೆ ನಮ್ಮ ಊರುಗಳಲ್ಲಿ ಫುಟ್‌ಪಾತ್ ಕೆಡೋಕೆ ಮೊದಲ ಕಾರಣ ಚರಂಡಿಯೇ. ನೀರಿನ ಪೈಪು, ಕೇಬಲ್ಲು, ಯುಜಿಡಿ, ಮಳೆನೀರು ಎಲ್ಲ ಬೇರೆ ಬೇರೆ ಇಲಾಖೆಯ ಕೈಲಿ. ಒಬ್ಬರು ಅಗೆದು ಮುಚ್ಚಿದ್ದನ್ನು ಇನ್ನೊಬ್ಬರು ಅಗೀತಾರೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಹೆಸರಲ್ಲಿ ಮಾಡಿದ್ದು ಮುಖ್ಯವಾಗಿ ಇದನ್ನೇ: ಮೊದಲು ನೆಲದೊಳಗಿನ ಪೈಪು, ಕೇಬಲ್ಲಿಗೆಲ್ಲ ಒಂದು ಕ್ರಮ, ಆಮೇಲೆ ಅದರ ಮೇಲೆ ಅಗಲದ ಫುಟ್‌ಪಾತ್. ಖರ್ಚು ಜಾಸ್ತಿ ಅಂತ ಬೈಸಿಕೊಂಡ ಯೋಜನೆ ಅದು, ಶ್ರೀಮಂತರ ಬೀದಿಗಳನ್ನೇ ಯಾಕೆ ಆರಿಸಿದಿರಿ ಅನ್ನೋ ಪ್ರಶ್ನೆಯೂ ನ್ಯಾಯವೇ. ಆದರೆ ಅಲ್ಲಿ ಈಗ ನಡೆಯಬಹುದು. ಬೆಂಗಳೂರಿಂದ 60 ಕಿಲೋಮೀಟರ್ ಈಚೆಗೆ ಆ ಪಾಠ ಬರಲಿಲ್ಲ.

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನ್. ಈ ಭಾಗ ನಿಮಗೆಲ್ಲ ಪಠ್ಯಪುಸ್ತಕದಲ್ಲೇ ಗೊತ್ತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1913ರದ್ದು. ನಮ್ಮ ಕಡೆಗೆ ನ್ಯಾರೋ ಗೇಜ್ ರೈಲು ಬಂದದ್ದೂ ಅವರು ದಿವಾನರಾಗಿದ್ದ ಕಾಲದಲ್ಲೇ. ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರ ಮುಟ್ಟುವ ದಾರಿ. ಆ ರೈಲು ಎಷ್ಟು ನಿಧಾನ ಅಂದರೆ ಇಳಿದು ಹತ್ತಬಹುದಿತ್ತು ಅಂತ ಹಿರಿಯರು ನಗ್ತಾರೆ. ನಿಧಾನವಾದರೂ ಅದು ಕಾಲ್ನಡಿಗೆಯವರಿಗೆ, ಸಂತೆಗೆ ಹೋಗೋರಿಗೆ ಕೈಗೆಟುಕುವ ಸಾರಿಗೆ.

ಇಲ್ಲಿಯವರೆಗೆ ಹೊಗಳಿಕೆ ಆಯಿತು. ಇನ್ನೊಂದು ಮಗ್ಗುಲನ್ನು ಬಿಟ್ಟರೆ ಈ ಬದುಕು ಅರ್ಧ ಹೇಳಿದ ಹಾಗೆ.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮೈಸೂರು ಸರ್ಕಾರದ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದ ಸಮುದಾಯಗಳಿಗೆ ಪಾಲು ಬೇಕು ಅನ್ನೋದು ಅದರ ಬೇಡಿಕೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಕೇಳಿಸಿಕೊಂಡರು, 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ದಿವಾನರು ಒಪ್ಪಲಿಲ್ಲ. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು, ಇಲ್ಲದಿದ್ದರೆ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋದು ಅವರ ನಿಲುವು. ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ರಾಜೀನಾಮೆ ಕೊಡೋಕೆ ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ವಾಪಸ್ ಬಂದರು ಅನ್ನೋ ಕತೆ ಶಾಲೆಯಲ್ಲಿ ಎಲ್ಲರಿಗೂ ಹೇಳ್ತಾರೆ. ರಾಜೀನಾಮೆ ಯಾಕೆ ಕೊಟ್ಟರು ಅನ್ನೋದನ್ನು ಹೇಳಲ್ಲ. 1919ರಲ್ಲಿ ಬಂದ ಮಿಲ್ಲರ್ ವರದಿ ಈ ರಾಜ್ಯದ ಮೀಸಲಾತಿಯ ಮೊದಲ ಮೆಟ್ಟಿಲು. ನಾನು ಓದಿದ್ದು, ನಿಮ್ಮಲ್ಲಿ ಹಲವರು ಓದಿದ್ದು ಆ ಮೆಟ್ಟಿಲು ಹತ್ತಿಯೇ.

ನನಗೆ ಬಹಳ ದಿನ ಅರ್ಥವಾಗದೆ ಕಾಡಿದ್ದು ಇದು. ನಾಲೆಯ ಕೊನೆ ಭಾಗದ ಹಳ್ಳಿಗೆ ನೀರು ಮುಟ್ಟದಿದ್ದರೆ ಅದು ಆ ಹಳ್ಳಿಯವರ ಅರ್ಹತೆಯ ಕೊರತೆ ಅಂತ ಅವರು ಯಾವತ್ತೂ ಹೇಳಲಿಲ್ಲ. ಹಂಚಿಕೆಯ ದೋಷ ಅಂದರು, ಸರದಿ ಹಾಕಿದರು. ಅದೇ ಮನುಷ್ಯ ಸರ್ಕಾರಿ ಕಚೇರಿಯ ವಿಷಯಕ್ಕೆ ಬಂದಾಗ ಸರದಿ ಬೇಡ ಅಂದುಬಿಟ್ಟರು. ನೀರುಗಂಟಿಯ ಮಗನಿಗೂ ಶಾಸ್ತ್ರಿಯ ಮಗನಿಗೂ ಪರೀಕ್ಷೆಯ ಹಾಲ್‌ಗೆ ಬರುವ ದಾರಿ ಒಂದೇ ಉದ್ದದ್ದಲ್ಲ ಅನ್ನೋದು ಅವರಿಗೆ ಕಾಣಲಿಲ್ಲ. ತಾವೂ ಬಡತನದಲ್ಲಿ ನಡೆದೇ ಬಂದವರು ಅನ್ನೋದು ನಿಜ. ಆದರೆ ಅವರಿಗೆ ಊಟಕ್ಕೆ ಬೆಂಗಳೂರಿನಲ್ಲೊಬ್ಬ ಮಾವ ಇದ್ದರು, ಮನೆಯಲ್ಲಿ ಅಕ್ಷರ ಇತ್ತು, ಯಾವ ಕೇರಿಯಲ್ಲೂ ಅವರನ್ನು ತಡೆಯೋರಿರಲಿಲ್ಲ.

ಬೀದಿಗೂ ಈ ಮಾತಿಗೂ ಸಂಬಂಧ ಇದೆ. ರಸ್ತೆ ಎಂಜಿನಿಯರುಗಳು ದಟ್ಟಣೆ ಅಳೆಯೋಕೆ ಪಿಸಿಯು ಅನ್ನೋ ಮಾನ ಬಳಸ್ತಾರೆ. ಕಾರಿಗೆ 1. ಬಸ್ಸು, ಲಾರಿಗೆ ಅದಕ್ಕಿಂತ ಹೆಚ್ಚು. ಬೈಕಿಗೆ, ಸೈಕಲ್ಲಿಗೆ ಅರ್ಧವೋ ಅದರ ಆಸುಪಾಸೋ. ನಡೆಯೋರಿಗೆ ಅದರಲ್ಲಿ ಅಂಕವೇ ಇಲ್ಲ. ಈ ಅಳತೆಯಿಂದ ರಸ್ತೆಯ ಸಾಮರ್ಥ್ಯ ಲೆಕ್ಕ ಹಾಕ್ತಾರೆ, ಸಾಮರ್ಥ್ಯ ಸಾಲದು ಅಂತ ಬರುತ್ತೆ, ವಿಸ್ತರಣೆಯ ಕಡತ ಹೊರಡುತ್ತೆ. ಯಾರೂ ಮೋಸ ಮಾಡಿರಲ್ಲ. ಲೆಕ್ಕ ಸರಿಯಾಗಿಯೇ ಇರುತ್ತೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಡೆದು ಬರುವ ಹೆಣ್ಣುಮಗಳು ಆ ಲೆಕ್ಕದೊಳಗೆ ಬಂದಿರಲ್ಲ, ಅಷ್ಟೆ. ದಕ್ಷತೆ ಅನ್ನುವ ಪದ ಕೇಳಿದಾಗೆಲ್ಲ, ಅಳೆಯೋರು ಯಾರು, ಅಳತೆಯಿಂದ ಹೊರಗೆ ಉಳಿದೋರು ಯಾರು ಅಂತ ಕೇಳೋ ಅಭ್ಯಾಸ ನನಗೆ ಬಂದದ್ದು ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು, 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದರು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಯುರೋಪು ಅಮೆರಿಕಾ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಭಾರತವೇ ಕಾರು ತಯಾರಿಸಬೇಕು ಅನ್ನೋದು ಅವರ ಹಟ. ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು, ಬೆಂಗಳೂರಿನಲ್ಲಿ ಕಾರ್ಖಾನೆಗೆ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು, ಬ್ರಿಟಿಷ್ ಸರ್ಕಾರ ಅಡ್ಡ ಬಂತು. ಕೊನೆಗೆ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಬಾಂಬೆಯಲ್ಲಿ ಶುರುವಾಯಿತು. ವಸಾಹತು ದೇಶವೊಂದು ಸ್ವಂತ ಕೈಗಾರಿಕೆ ಕಟ್ಟಬೇಕು ಅನ್ನೋ ಆ ಹಟದಲ್ಲಿ ತಪ್ಪು ಹುಡುಕೋಕೆ ನನಗೆ ಮನಸ್ಸಿಲ್ಲ. ಕಾರು ಅಂದರೆ ಆಗ ಕೆಲಸ, ಉಕ್ಕು, ತಂತ್ರಜ್ಞಾನ. ಆ ಕಾರು ಕೊನೆಗೆ ಎಲ್ಲಿ ಓಡುತ್ತೆ, ಎಲ್ಲಿ ನಿಲ್ಲುತ್ತೆ, ಅದಕ್ಕೆ ಜಾಗ ಬಿಡೋರು ಯಾರು ಅನ್ನೋ ಲೆಕ್ಕ ಆ ಕಾಲದ ಯೋಜನೆಗಳಲ್ಲಿ ಇರಲಿಲ್ಲ. ಈಗಿನ ಯೋಜನೆಗಳಲ್ಲೂ ಇಲ್ಲ, ಅವರಿಗೆ ಇದ್ದ ನೆಪ ನಮಗಿಲ್ಲ.

ನೆಪ ಯಾಕಿಲ್ಲ ಅಂದರೆ ಕಾನೂನು ಈಗ ಬಾಯಿಬಿಟ್ಟು ಹೇಳಿದೆ. ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ರಾಜ್ಯಗಳು ಇದಕ್ಕೆ ನಿಯಮ ಮಾಡಬೇಕು ಅಂತಲೂ ಆದೇಶಿಸಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ 2012ರಿಂದಲೇ ಇದೆ: ಏನೂ ಅಡ್ಡ ಇಲ್ಲದ ಕನಿಷ್ಠ 1.8 ಮೀಟರ್ ನಡೆಯೋ ಜಾಗ, 150 ಮಿಲಿಮೀಟರ್ ಮೀರದ ಎತ್ತರ. ನಮ್ಮ ನಾಲ್ಕು ಊರುಗಳ ಪೇಟೆಬೀದಿಯಲ್ಲಿ ಟೇಪು ಹಿಡಿದು ಹೊರಟರೆ 1.8 ಮೀಟರ್ ಎಷ್ಟು ಹೆಜ್ಜೆ ತನಕ ಸಿಗುತ್ತೆ ಅಂತ ನೀವೇ ನೋಡಬಹುದು. ಕಾಲೇಜಿನ ನಾಲ್ಕು ಜನ, ಒಂದು ಭಾನುವಾರ, ಒಂದು ಟೇಪು ಸಾಕು. ಬೆಳಿಗ್ಗೆ ಒಂಬತ್ತಕ್ಕೆ ಸರ್ಕಲ್ಲಿನಲ್ಲಿ ನಿಂತು ದಾಟೋ ಜನರನ್ನು ಎಣಿಸಿ, ಪಕ್ಕದಲ್ಲಿ ಕಾರುಗಳನ್ನೂ ಎಣಿಸಿ. ಆ ಎರಡು ಅಂಕಿ ಬರೆದ ಅರ್ಜಿಯನ್ನು ನಗರಸಭೆಗೂ ಹೆದ್ದಾರಿ ವಿಭಾಗಕ್ಕೂ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ರಸ್ತೆ ನಮ್ಮದಲ್ಲ ಹೆದ್ದಾರಿಯವರದ್ದು ಅಂತ ಇವರು, ಫುಟ್‌ಪಾತ್ ನಮ್ಮದಲ್ಲ ನಗರಸಭೆಯದ್ದು ಅಂತ ಅವರು ಹೇಳಬಹುದು. ಆಗ ಎರಡೂ ಉತ್ತರವನ್ನು ಬರವಣಿಗೆಯಲ್ಲಿ ಕೇಳಿ.

ಒಂದು ಎಚ್ಚರಿಕೆ. ಫುಟ್‌ಪಾತ್ ತೆರವು ಅಂದ ಕೂಡಲೇ ಮೊದಲು ಏಟು ಬೀಳೋದು ತಳ್ಳುಗಾಡಿಯವರ ಮೇಲೆ. ಸೊಪ್ಪಿನ ಬುಟ್ಟಿ ಎತ್ತಿ ಎಸೀತಾರೆ, ಎದುರಿಗೆ ಅಡ್ಡ ನಿಂತ ಕಾರಿಗೆ ಏನೂ ಆಗಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮಾಡದೆ, ಪಟ್ಟಣ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳನ್ನೇ ಕೂರಿಸಿ ಜಾಗ ಗೊತ್ತು ಮಾಡದೆ ಎಬ್ಬಿಸೋ ಹಾಗಿಲ್ಲ. ಮೇಲೆ ಹಾಕಿದ 18 ಮೀಟರಿನ ಲೆಕ್ಕದಲ್ಲಿ ಅವರಿಗೆ ಜಾಗ ಇಟ್ಟದ್ದು ಸುಮ್ಮನೆ ಅಲ್ಲ. ವ್ಯಾಪಾರಿ ಇರುವ ಬೀದಿಯಲ್ಲಿ ರಾತ್ರಿ ಎಂಟಕ್ಕೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೀತಾರೆ.

ಅಂಗಡಿಯವರದ್ದೂ ಒಂದು ಭಯ ಇದೆ, ಪಾರ್ಕಿಂಗ್ ಹೋದರೆ ಗಿರಾಕಿ ಹೋದ ಅಂತ. ಅದನ್ನು ತಳ್ಳಿಹಾಕೋಕೆ ಆಗಲ್ಲ, ಕೂತು ಮಾತಾಡಬೇಕು. ಮೇಲ್ಭಾಗದ ರೈತರ ಸಭೆಗೆ ವಿಶ್ವೇಶ್ವರಯ್ಯ ಹೋದ ಹಾಗೆ. ವಿಸ್ತರಣೆಯಾದರೆ ಅರ್ಧ ಅಂಗಡಿಯೇ ಹೋಗುತ್ತೆ, ಮರುಹಂಚಿಕೆಯಾದರೆ ಅಂಗಡಿ ಉಳಿಯುತ್ತೆ ಅನ್ನೋ ಲೆಕ್ಕ ಅವರ ಮುಂದೆ ಯಾರೂ ಇಟ್ಟಂತಿಲ್ಲ.

1955ರಲ್ಲಿ ಭಾರತರತ್ನ ಬಂತು. ಅದಕ್ಕೂ ಮೊದಲು, 1952ರಲ್ಲಿ, ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅನ್ನೋ ಪ್ರಶ್ನೆ ಎದ್ದಾಗ ಕೇಂದ್ರ ಸರ್ಕಾರ ಅವರನ್ನೇ ಕರೆಯಿತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಬಿರುಬಿಸಿಲು, ಕಾರು ಹೋಗದ ಜಾಗ. ವಯಸ್ಸಾದವರು ಅಂತ ಹೊತ್ತುಕೊಂಡು ಹೋಗೋಕೆ ಕುರ್ಚಿ ಸಿದ್ಧ ಮಾಡಿದ್ದರಂತೆ. ಅವರು ಕುರ್ಚಿ ಬೇಡ ಅಂದು ಕಾರಿನಿಂದ ಇಳಿದು ನಡೆದೇ ಹೋಗಿ ಜಾಗ ನೋಡಿದರು. ಮೊಕಾಮಾದ ಬಳಿ ಆ ಸೇತುವೆ ಆಯಿತು, 1959ರಲ್ಲಿ ಓಡಾಟಕ್ಕೆ ತೆರೆಯಿತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಈ ಸಲ ಸೆಪ್ಟೆಂಬರ್ 15ಕ್ಕೆ ಹಾರ ಹಿಡಿದು ಹೊರಡುವ ನಗರಸಭೆಯವರು, ಹೆದ್ದಾರಿಯವರು ಚಿಕ್ಕಬಳ್ಳಾಪುರದ ಪೇಟೆಯಲ್ಲಾದರೂ ಒಂದು ಕಿಲೋಮೀಟರ್ ಜೀಪು ಇಳಿದು ನಡೆದು, ಆಮೇಲೆ ಹತ್ತಲಿ.